ಉಪ್ಪು ಯಾರಿಗೆ ಕಡಿಮೆಯಾಗಬೇಕು?

ಮೂರು ವರ್ಷಗಳ ಹಿಂದೆ ನಮ್ಮ ಮನೆಯ ಒಲೆಯ ಮೇಲೆ ಎರಡು ಸಾರು ಕುದಿಯತೊಡಗಿದವು. ದೊಡ್ಡ ಪಾತ್ರೆಯದು ಮನೆಮಂದಿಗೆ, ಅಂಗೈಯಗಲದ ತಪ್ಪಲೆಯದು ಅಜ್ಜನಿಗೆ. ಅಜ್ಜನಿಗೆ ರಕ್ತದೊತ್ತಡವಿದೆಯೆಂದು ಡಾಕ್ಟರರು ಗುಳಿಗೆ ಬರೆದುಕೊಟ್ಟು, "ಉಪ್ಪು ಕಡಿಮೆ ಮಾಡಿ" ಎಂದಿದ್ದರು. ಎಷ್ಟು ಕಡಿಮೆ, ಯಾವುದರಲ್ಲಿ ಕಡಿಮೆ ಎಂಬುದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ; ಹೊರಗೆ ಜನ ಸಾಲುಗಟ್ಟಿ ನಿಂತಿದ್ದರು. ನಮ್ಮವರು 'ಕಡಿಮೆ' ಎಂದರೆ 'ಇಲ್ಲ' ಎಂದೇ ಅರ್ಥಮಾಡಿಕೊಂಡರು.

ಎಲೆಯ ತುದಿಗೆ ಉಪ್ಪು ಬೀಳದೆ ಅನ್ನ ಕಲಸದ ಮನುಷ್ಯ ನಮ್ಮ ಅಜ್ಜ. ಅಂಥವರು ನಾವೆಲ್ಲ ಹಪ್ಪಳ ಮುರಿಯುತ್ತ ಉಣ್ಣುವ ಪಂಕ್ತಿಯಲ್ಲೇ ಕುಳಿತು ಸಪ್ಪೆ ಸಾರನ್ನು ಔಷಧದಂತೆ ನುಂಗಬೇಕಾಯಿತು. ಎಂಟು ದಿನ ಸುಮ್ಮನಿದ್ದರು. ಆಮೇಲೊಂದು ರಾತ್ರಿ ಮೆಲ್ಲಗೆ ನನ್ನನ್ನು ಕರೆದು, "ತಮಾ, ಒಂದು ಮಿಡಿ ತಗಂಡು ಬಾ, ಆಯಿಗೆ ಹೇಳಡ" ಎಂದರು. ನಾನು ಭರಣಿಯಿಂದ ಅಪ್ಪೆಮಿಡಿಯೊಂದನ್ನು ಬಾಳೆಯ ಚೂರಿನಲ್ಲಿ ಕಟ್ಟಿ ತಂದುಕೊಟ್ಟೆ. ಅದು ದಿನದ ಪದ್ಧತಿಯಾಯಿತು. ಅಜ್ಜನ ಮೇಲಿನ ಪ್ರೀತಿಯಿಂದ ದೊಡ್ಡ ಉಪಕಾರ ಮಾಡುತ್ತಿದ್ದೇನೆಂದೇ ನನ್ನ ಭಾವನೆ.

ಹೋದ ವರ್ಷ ಶ್ರಾವಣದಲ್ಲಿ ಅಜ್ಜನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಆ ಮಿಡಿಗಳಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಅವರು ಗುಳಿಗೆಯನ್ನೂ ಆಗಾಗ ತಪ್ಪಿಸುತ್ತಿದ್ದರೆಂದು ಅನಂತರ ತಿಳಿಯಿತು. ಆದರೆ ಮಿಡಿ ತಂದುಕೊಟ್ಟ ಕೈ ನನ್ನದೇ. ಆ ಕೈಯಿಂದಲೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟೇ: ರಕ್ತದೊತ್ತಡದವರಿಗೆ ಬೇರೆ ತಪ್ಪಲೆ ಇಡುವ ಪದ್ಧತಿಯೇ ತಪ್ಪು. ಉಪ್ಪು ಇಳಿಯಬೇಕಾದದ್ದು ಇಡೀ ಮನೆಯ ದೊಡ್ಡ ಪಾತ್ರೆಯಲ್ಲಿ.

ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ನೀತಿಗೆಂದು ಬಳಸುತ್ತೇವೆ. ಅದು ಶರೀರಶಾಸ್ತ್ರವೂ ಹೌದು. ಉಪ್ಪಿನಲ್ಲಿರುವ ಸೋಡಿಯಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಾದುದನ್ನು ಮೂತ್ರಪಿಂಡಗಳು ಹೊರಹಾಕಲು ಹೆಣಗುತ್ತವೆ. ಅಷ್ಟರಲ್ಲಿ ನಾಳಗಳಲ್ಲಿ ಹರಿಯುವ ರಕ್ತದ ಪ್ರಮಾಣ ಏರಿ ಗೋಡೆಗಳ ಮೇಲಿನ ಒತ್ತಡವೂ ಏರುತ್ತದೆ. ಇದು ರೋಗಿಯ ಮೈಯಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. 2001ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಾನೂರಕ್ಕೂ ಹೆಚ್ಚು ಜನರಿಗೆ ಅಳೆದ ಊಟ ಕೊಟ್ಟು ನೋಡಿದರು. ಉಪ್ಪು ಇಳಿದಂತೆ ಒತ್ತಡವೂ ಇಳಿಯಿತು. ಕಾಯಿಲೆ ಇದ್ದವರಲ್ಲಿ ಹೆಚ್ಚು, ಇಲ್ಲದವರಲ್ಲಿ ಸ್ವಲ್ಪ ಕಡಿಮೆ. ಅಂದಮೇಲೆ ಅಜ್ಜನಿಗೆ ಹಿತವಾದ ಸಾರು ಮೊಮ್ಮಗನಿಗೆ ಅಹಿತವಾಗುವದು ಹೇಗೆ?

ಜಾಗತಿಕ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಸಪಾಟಾದ ಒಂದು ಚಹದ ಚಮಚೆಯೊಳಗೆ. ನಮ್ಮ ದೇಶದಲ್ಲಿ 2017–18ರಲ್ಲಿ ನಡೆದ ಸಮೀಕ್ಷೆಯಂತೆ ಜನ ತಿನ್ನುತ್ತಿದ್ದುದು ಸರಾಸರಿ 8 ಗ್ರಾಮಿನಷ್ಟು. ನಮ್ಮ ಮನೆಯ ಲೆಕ್ಕವನ್ನು ನಾನೇ ತೆಗೆದೆ. ಇದಕ್ಕೆ ತಕ್ಕಡಿ ಬೇಡ. ಒಂದು ಕಿಲೋ ಪೊಟ್ಟಣದ ಮೇಲೆ ಒಡೆದ ತಾರೀಖು ಬರೆದಿಟ್ಟೆ. ಮನೆಯಲ್ಲಿ ಆರು ಜನ. ತಲೆಗೆ 5 ಗ್ರಾಂ ಹಿಡಿದರೆ ಅದು 33 ದಿನ ಬರಬೇಕು. ಬಂದದ್ದು 18 ದಿನ! ಎಂದರೆ ತಲೆಗೆ 9 ಗ್ರಾಮಿನ ಮೇಲೆ. ಉಪ್ಪಿನಕಾಯಿಗೂ ಆಕಳ ಅಕ್ಕಚ್ಚಿಗೂ ಹೋಗುವ ಹರಳುಪ್ಪು ಇದರಲ್ಲಿ ಸೇರಿಲ್ಲ.

ಇಲ್ಲಿಯೇ ಎರಡನೆಯ ಭ್ರಮೆಯಿದೆ. ಸಾರಿನ ಉಪ್ಪನ್ನು ಕಾಯುತ್ತ ಕುಳಿತು ಭರಣಿಯನ್ನು ಮರೆಯುತ್ತೇವೆ. ಮಿಡಿಯನ್ನು ಹರಳುಪ್ಪಿನಲ್ಲಿ ಹೂತು, ಅದು ಸುಕ್ಕುಗಟ್ಟುವವರೆಗೆ ಇಡುವ ಪದಾರ್ಥ ಅದು. ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ನೆರೆಮನೆಯವರ ಒಣಮೀನು, ಎಲ್ಲವೂ ಉಪ್ಪಿನ ಬಲದಿಂದಲೇ ಮಳೆಗಾಲ ದಾಟುವಂಥವು. ಬೋಂಡಾಕ್ಕೆ ಹಾಕುವ ಸೋಡಾ ನಾಲಗೆಗೆ ಉಪ್ಪೆನಿಸದಿದ್ದರೂ ಅದೂ ಸೋಡಿಯಮ್ಮೇ. ಅಂಗಡಿಯ ಪೊಟ್ಟಣಗಳ ಬೆನ್ನ ಮೇಲೆ ಸೋಡಿಯಮ್ಮಿನ ಅಂಕಿ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಗಣಿತದ ಮಿತ್ರರು ಒಮ್ಮೆ ಪ್ರಯತ್ನಿಸಿ ನೋಡಲಿ.

ಸೈಂಧವ ಲವಣ ತಿಂದರೆ ದೋಷವಿಲ್ಲವೆಂದು ನಮ್ಮ ನೆಂಟರೊಬ್ಬರ ವಾದ. ಬಣ್ಣ ಬೇರೆಯಾದರೂ ಅದರಲ್ಲಿ ಬಹುಪಾಲು ಅದೇ ಸೋಡಿಯಂ ಕ್ಲೋರೈಡು. ಸೋಡಿಯಮ್ಮಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಸೇರಿಸಿದ ಉಪ್ಪಿನ ಮಾತು ಬೇರೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚೀನದ 600 ಹಳ್ಳಿಗಳಲ್ಲಿ ಅದನ್ನು ಪರೀಕ್ಷಿಸಿದಾಗ ಪಾರ್ಶ್ವವಾಯು ಕಡಿಮೆಯಾದದ್ದು ಕಂಡುಬಂದಿತು. ಆದರೆ ಮೂತ್ರಪಿಂಡದ ದೋಷವುಳ್ಳವರಿಗೂ ಒತ್ತಡದ ಕೆಲವು ಗುಳಿಗೆ ತೆಗೆದುಕೊಳ್ಳುವವರಿಗೂ ಅದರಿಂದ ಅಪಾಯವುಂಟು. ವೈದ್ಯರನ್ನು ಕೇಳದೆ ತರಬಾರದು. ಇನ್ನು, ಉಪ್ಪು ಕಡಿಮೆ ಮಾಡಿದೆವೆಂದು ಗುಳಿಗೆಯನ್ನು ಬಿಡುವದೂ ಗುಳಿಗೆಯಿದೆಯೆಂದು ಉಪ್ಪನ್ನು ಸುರಿದುಕೊಳ್ಳುವದೂ ಒಂದೇ ತೂಕದ ಅವಿವೇಕ.

ನಮ್ಮ ಜಿಲ್ಲೆಯವರಿಗೆ ಉಪ್ಪಿನ ಅಭಿಮಾನ ಸ್ವಲ್ಪ ಹೆಚ್ಚೆಂಬುದು ನನಗೆ ಗೊತ್ತು. ಸಾಣಿಕಟ್ಟೆಯ ಆಗರ ನಮ್ಮದು. 1930ರಲ್ಲಿ ಉಪ್ಪಿಗಾಗಿ ಕಾಯದೆ ಮುರಿದ ಅಂಕೋಲೆ ನಮ್ಮದು. ಆದರೆ ಅಂದಿನ ಹೋರಾಟ ಉಪ್ಪಿನ ಮೇಲಿನ ಕರದ ವಿರುದ್ಧ. ಅಳತೆಯಿಲ್ಲದೆ ತಿನ್ನುವ ಹಕ್ಕಿಗಾಗಿ ಯಾರೂ ಸೆರೆಮನೆಗೆ ಹೋಗಲಿಲ್ಲ.

ಈಗ ನಮ್ಮ ಕಾಲೇಜಿನ ಮಾತು. ಕ್ಯಾಂಟೀನಿನಲ್ಲಿ ಪ್ರತಿ ಮೇಜಿನ ಮೇಲೂ ಉಪ್ಪಿನ ಡಬ್ಬಿಯಿದೆ. ಮೊಸರನ್ನ ಬಂದೊಡನೆ ರುಚಿ ನೋಡುವ ಮೊದಲೇ ಕೈ ಅತ್ತ ಹೋಗುವದನ್ನು ನಾನು ಬಹಳ ದಿನಗಳಿಂದ ಗಮನಿಸಿದ್ದೇನೆ. ನನ್ನ ಕೈಯೂ ಹಾಗೆಯೇ ಹೋಗುತ್ತಿತ್ತು. ಪೂಜ್ಯ ಅಧ್ಯಾಪಕರಲ್ಲಿ ಒತ್ತಡದ ಗುಳಿಗೆ ನುಂಗುವವರು ಕೆಲವರಿದ್ದಾರೆ. ಅವರಿಗೂ ನಮಗೂ ಒಂದೇ ಬಾಣಲೆ, ಒಂದೇ ಡಬ್ಬಿ. ಡಬ್ಬಿಗಳನ್ನು ಮೇಜಿನಿಂದ ತೆಗೆದು ಒಳಗಿಡಲಿ, ಬೇಕಾದವರು ಎದ್ದು ಹೋಗಿ ಕೇಳಲಿ ಎಂಬುದು ನನ್ನ ಸೂಚನೆ. ಇದಕ್ಕೆ ಕಾಸಿನ ಖರ್ಚಿಲ್ಲ. ವಿದ್ಯಾರ್ಥಿ ಸಂಘದ ಸಭೆಯಲ್ಲಿ ಇದನ್ನೆತ್ತಿದಾಗ ಹಲವರು ನಕ್ಕರು, "ರೋಗಿಗಳ ಊಟ ನಮಗೇಕೆ?" ಎಂದೂ ಒಬ್ಬರೆಂದರು. ನಾವು ಮನೆಯಲ್ಲಿ ಅಜ್ಜನಿಗೆ ತಪ್ಪಲೆ ಬೇರೆ ಮಾಡಿದ್ದು ಇದೇ ಮಾತಿನಿಂದ.

ನಮ್ಮಲ್ಲಿ ಈಗ ಒಂದೇ ಪಾತ್ರೆ. ಆಯಿ ಒಮ್ಮೆಲೇ ಇಳಿಸಲಿಲ್ಲ. ವಾರಕ್ಕಿಷ್ಟೆಂದು ಚಿಟಿಕೆ ಚಿಟಿಕೆಯಾಗಿ ಇಳಿಸಿದಳು, ಲಿಂಬೆಯನ್ನೂ ಮುರುಗಲ ಹುಳಿಯನ್ನೂ ಜೀರಿಗೆಯನ್ನೂ ತುಸು ಮುಂದೆ ಮಾಡಿದಳು. ಮೊದಲು ಅಪ್ಪಯ್ಯ ಗೊಣಗಿದರು. ಒಂದೆರಡು ತಿಂಗಳಲ್ಲಿ ನಾಲಗೆಗಳು ಒಗ್ಗಿದವು. ಹೊರಗಿನ ಸಾಂಬಾರೇ ಈಗ ಉಪ್ಪೆನಿಸುತ್ತದೆ. ಭರಣಿ ಅಟ್ಟವೇರಿದೆ, ಹಬ್ಬಕ್ಕೆ ಮಾತ್ರ ಇಳಿಯುತ್ತದೆ. ಅಜ್ಜ ಎಡಗೈಯಲ್ಲಿ ಚಮಚ ಹಿಡಿದು ನಮ್ಮೊಡನೆಯೇ ಉಣ್ಣುತ್ತಾರೆ. ಮೊದಲ ದಿನ ಅವರು ತಮ್ಮ ಸಾರನ್ನು ನೋಡಿ, ನನ್ನ ಬಟ್ಟಲನ್ನು ನೋಡಿ, "ಇದೇಯೋ?" ಎಂದು ತೊದಲುತ್ತ ಕೇಳಿದರು. ಹೌದೆಂದೆ. ಆಮೇಲೆ ಮಿಡಿ ಕೇಳಿಲ್ಲ.

ಹೋದ ತಿಂಗಳ ಪೊಟ್ಟಣ 27 ದಿನ ಬಂತು.