ಹರಕೆಗೂ ಸತ್ಯ ಬೇಕು

2025ರ ಫೆಬ್ರುವರಿಯ ಕೊನೆಯ ವಾರ. ಶೇಗಾಂವದ ನಮ್ಮ ಮನೆಗೆ ಒಂದು ಮರಾಠಿ ಪತ್ರಿಕೆ, ಒಂದು ಕನ್ನಡ ಪತ್ರಿಕೆ ಬರುತ್ತವೆ. ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿದ್ದ ಪೋಪ್ ಫ್ರಾನ್ಸಿಸ್ ಅವರ ಸುದ್ದಿ ಎರಡರಲ್ಲಿಯೂ ಇತ್ತು. ಮರಾಠಿಯಲ್ಲಿ ‘ಪ್ರಕೃತಿ ಚಿಂತಾಜನಕ’ ಎಂದಿತ್ತು. ಕನ್ನಡದಲ್ಲಿ ‘ಸ್ಥಿತಿ ಗಂಭೀರ’ ಎಂದಿತ್ತು. ಎರಡೂ ಭಾಷೆಗಳಲ್ಲಿ ಶಾಲೆ ಕಲಿತವನಿಗೆ ಇಂಥ ಕಡೆ ಓದು ತುಸು ನಿಲ್ಲುತ್ತದೆ. ಮರಾಠಿಯ ಮಾತು ನೋಡುವವರ ಚಿಂತೆಯನ್ನು ಹೇಳುತ್ತದೆ. ಕನ್ನಡದ ಮಾತು ರೋಗಿಯು ಇಳಿದಿರುವ ಆಳವನ್ನು ಹೇಳುತ್ತದೆ, ಏಕೆಂದರೆ ಗಂಭೀರವೆಂದರೆ ಮೂಲತಃ ಆಳವುಳ್ಳದ್ದೇ. ಆ ದಿನ ತರಗತಿಯಲ್ಲಿ ಈ ಪದಗಳ ಚರ್ಚೆ ನಡೆದಾಗ ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ: “ಸರ್, ಎಂಬತ್ತೆಂಟು ವರ್ಷದವರು, ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ. ಸ್ಥಿತಿ ಗಂಭೀರ ಅಂತ ಡಾಕ್ಟರೇ ಹೇಳಿದ ಮೇಲೆ ಜನ ಪ್ರಾರ್ಥನೆ ಮಾಡಿ ಏನು ಬೇಡತಾರ?”

ಅಂದು ನಾನು ಏನೋ ಹೇಳಿ ಮುಂದೆ ಸಾಗಿದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೋಮಿನ ಸಂಗತಿ. ಪೋಪರು ಸಾಯುವ ತನಕ ಆರೋಗ್ಯವಾಗಿಯೇ ಇರುತ್ತಾರೆ ಎಂಬ ವ್ಯಂಗ್ಯದ ಮಾತೊಂದು ಆ ನಗರದಲ್ಲಿ ಹಳೆಯದು. ಧರ್ಮಗುರುವಿನ ಕಾಯಿಲೆಯನ್ನು ಮುಚ್ಚಿಡುವುದೇ ಅಲ್ಲಿನ ರೂಢಿಯಾಗಿತ್ತು. ಎರಡನೆಯ ಜಾನ್ ಪಾಲ್ ಅವರ ಕೈ ನಡುಗುವುದನ್ನು ಜಗತ್ತೆಲ್ಲ ಕಾಣುತ್ತಿದ್ದರೂ ಪಾರ್ಕಿನ್ಸನ್ ಕಾಯಿಲೆಯ ಹೆಸರನ್ನು ವ್ಯಾಟಿಕನ್ ಬಹುಕಾಲ ಬಾಯಿಬಿಟ್ಟು ಹೇಳಲಿಲ್ಲ. ಫ್ರಾನ್ಸಿಸ್ ಅವರ ಕಾಲಕ್ಕೆ ಇದು ಬದಲಾಗಿತ್ತು. ಅವರು ಫೆಬ್ರುವರಿ 14ರಂದು ಆಸ್ಪತ್ರೆ ಸೇರಿದ ಬಳಿಕ ಉಸಿರಾಟದ ತೊಂದರೆ, ರಕ್ತ ಕೊಟ್ಟದ್ದು, ಮೂತ್ರಪಿಂಡದ ಏರುಪೇರು, ಎಲ್ಲವೂ ಅಧಿಕೃತ ಪ್ರಕಟಣೆಗಳಲ್ಲಿ ಬಂದವು. ಹೀಗೆ ನಿಜವನ್ನೇ ಹೇಳಬೇಕೆಂಬುದು ಪೋಪರದೇ ಇಚ್ಛೆಯಾಗಿತ್ತೆಂದು ಚಿಕಿತ್ಸಾ ತಂಡದ ಮುಖ್ಯ ವೈದ್ಯರು ಆಮೇಲೆ ಹೇಳಿದರು. ಕೆಟ್ಟ ಸುದ್ದಿ ಕೇಳಿ ಜನ ಪ್ರಾರ್ಥನೆಯನ್ನು ಕೈಬಿಡಲಿಲ್ಲ. ಫೆಬ್ರುವರಿ 24ರಿಂದ ಸಂತ ಪೀಟರರ ಚೌಕದಲ್ಲಿ ರಾತ್ರಿ ರಾತ್ರಿ ಜಪಮಾಲೆ ಹಿಡಿದು ನೆರೆದರು. ಮಾರ್ಚ್ 6ರಂದು ಅದೇ ಚೌಕದಲ್ಲಿ ಪೋಪರ ಧ್ವನಿಮುದ್ರಿತ ಸಂದೇಶವನ್ನು ಕೇಳಿಸಿದರು. ಏದುಸಿರಿನ ನಡುವೆ ಅವರು ಜನರ ಪ್ರಾರ್ಥನೆಗೆ ಕೃತಜ್ಞತೆ ಹೇಳಿದ್ದರು. ತಮ್ಮ ಧ್ವನಿ ಕುಂದಿರುವುದು ಕೇಳಿಸಲಿ ಎಂದು ಬಿಟ್ಟುಕೊಟ್ಟದ್ದೇ ಒಂದು ಪ್ರಾಮಾಣಿಕತೆ ಎಂದು ನನಗೆ ತೋರಿತು.

ಇದನ್ನು ಮೆಚ್ಚುವ ಅರ್ಹತೆ ನನಗೆ ಸುಲಭವಾಗಿ ಬಂದದ್ದಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಅಪ್ಪ ಮಿರಜಿನ ಆಸ್ಪತ್ರೆಯೊಂದರಲ್ಲಿದ್ದರು. ವೈದ್ಯರು ನನ್ನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನವಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಒಳಗೆ ಬಂದಾಗ ಅಪ್ಪ ಕೇಳಿದರು: “ಏನಂತಾರ ಡಾಕ್ಟರು?” ನಾನು ಹೇಳಿದೆ: “ಏನಿಲ್ಲಪಾ, ನಾಕು ದಿನದಾಗ ಆರಾಮ ಆಗತೈತಿ.” ಅವ್ವನಿಗೂ ಅದನ್ನೇ ಹೇಳಿದೆ. ಆಕೆ ಗುಡ್ಡಾಪುರದ ದಾನಮ್ಮದೇವಿಗೆ ಹರಕೆ ಹೊತ್ತಳು: ಗಂಡ ಗುಣವಾಗಿ ಮನೆಗೆ ಬಂದರೆ ಶೇಗಾಂವದಿಂದ ಬರಿಗಾಲಲ್ಲಿ ನಡೆದು ಬರುವೆನೆಂದು. ಆರನೆಯ ದಿನ ಅಪ್ಪ ಹೋದರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಅವ್ವ ಕೇಳಿದಳು: “ನಿನಗ ಮೊದಲ ಗೊತ್ತಿತ್ತೇನು?” ನಾನು ತಲೆತಗ್ಗಿಸಿದೆ. ಆಕೆ ಸಿಟ್ಟಾಗಲಿಲ್ಲ. “ನನಗ ಹೇಳಿದ್ದರ ನಾ ಬ್ಯಾರೇನರ ಬೇಡಕೊಂತಿದ್ನೆಲ್ಲೋ” ಎಂದಳು.

ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಈ ಒಂದು ಮಾತಿನಲ್ಲಿದೆ. ಪ್ರಾರ್ಥನೆ ಎಂಬ ಪದದೊಳಗೆ ಬೇಡುವ ಅರ್ಥವಿದೆ. ಏನನ್ನು ಬೇಡಬೇಕೆಂಬುದು ಇದ್ದ ಸ್ಥಿತಿಯನ್ನು ಅರಿತವರಿಗಷ್ಟೇ ತಿಳಿಯುತ್ತದೆ. ನಾನು ಸುಳ್ಳು ಹೇಳಿ ಅವ್ವನ ನೋವನ್ನು ತಪ್ಪಿಸಲಿಲ್ಲ. ನೋವಿಲ್ಲದೆ ಹೋಗಲಿ, ಹೆದರದೆ ಹೋಗಲಿ, ನನ್ನ ಕೈ ಅವರ ಕೈಯಲ್ಲಿರುವಾಗ ಹೋಗಲಿ ಎಂದು ಬೇಡುವ ಆಕೆಯ ಹಕ್ಕನ್ನು ಕಿತ್ತುಕೊಂಡೆ. ಅಪ್ಪನಿಂದಲೂ ಕಡೆಯ ಮಾತನ್ನಾಡುವ ಅವಕಾಶವನ್ನು ಕಿತ್ತುಕೊಂಡೆ.

2022ರ ಡಿಸೆಂಬರ್ ಕೊನೆಯ ವಾರ ಈ ಅರಿವು ಇನ್ನಷ್ಟು ಗಟ್ಟಿಯಾಯಿತು. ಡಿಸೆಂಬರ್ 28ರಂದು ಫ್ರಾನ್ಸಿಸ್ ಅವರು ತಮ್ಮ ಹಿಂದಿನ ಪೋಪ್ ಹದಿನಾರನೆಯ ಬೆನೆಡಿಕ್ಟ್ ತೀವ್ರ ಅಸ್ವಸ್ಥರಾಗಿದ್ದಾರೆಂದು ಜನರೆದುರು ಹೇಳಿ, ಅವರಿಗೆ ಸಾಂತ್ವನವೂ ಕೊನೆಯವರೆಗೆ ಆಧಾರವೂ ದೊರೆಯಲೆಂದು ಪ್ರಾರ್ಥಿಸುವಂತೆ ಕೇಳಿಕೊಂಡರು. ಗುಣವಾಗಲಿ ಎಂಬ ವಾಡಿಕೆಯ ಬೇಡಿಕೆ ಅದಾಗಿರಲಿಲ್ಲ. ಅವ್ವ ಹೇಳಿದ ‘ಬ್ಯಾರೆ’ ಬೇಡಿಕೆಯೇ ಅದು. ಮೂರನೆಯ ದಿನ, ಡಿಸೆಂಬರ್ 31ರಂದು, ತೊಂಬತ್ತೈದರ ಬೆನೆಡಿಕ್ಟ್ ತೀರಿಕೊಂಡರು.

ಅದೇ ವಾರ ನಮ್ಮ ನೆರೆಯ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಸಿದ್ಧೇಶ್ವರ ಸ್ವಾಮೀಜಿಯವರು ಹಾಸಿಗೆ ಹಿಡಿದಿದ್ದರು. ಅವರ ಪ್ರವಚನಕ್ಕೆ ಜತ್ತ ತಾಲ್ಲೂಕಿನ ಕನ್ನಡಿಗರೂ ಮರಾಠಿಗರೂ ಒಂದೇ ಜಮಖಾನೆಯ ಮೇಲೆ ಕೂಡುತ್ತಿದ್ದರು. ಆಸ್ಪತ್ರೆಗೆ ಹೋಗಲು ಅವರು ಒಪ್ಪದೆ ಆಶ್ರಮದಲ್ಲಿಯೇ ಉಳಿದರು. ಒಂದೇ ಸಂಜೆ ನನ್ನ ಮೊಬೈಲಿಗೆ ಅವರು ಗುಣಮುಖರಾದರೆಂಬ ಸಂದೇಶವೂ ಲಿಂಗೈಕ್ಯರಾದರೆಂಬ ಸಂದೇಶವೂ ಬಂದವು. ಎರಡೂ ಸುಳ್ಳು, ಎರಡನ್ನೂ ಕಳಿಸಿದವರು ಭಕ್ತರೇ. 2023ರ ಜನವರಿ 2ರಂದು ಅವರು ದೇಹ ಬಿಟ್ಟರು. ಆಗ ಜನರ ಮುಂದೆ ಬಂದದ್ದು ಅವರೇ 2014ರಲ್ಲಿ ಬರೆದಿಟ್ಟಿದ್ದ ಅಂತಿಮ ಅಭಿವಂದನ ಪತ್ರ. ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ವಿಧಿಗಳು ಬೇಡ, ಚಿತಾಭಸ್ಮವನ್ನು ನೀರಿನಲ್ಲಿ ವಿಸರ್ಜಿಸಬೇಕು, ಸ್ಮಾರಕ ಕಟ್ಟಬಾರದು. ಸಾವನ್ನು ಅವರು ಎಂಟು ವರ್ಷ ಮೊದಲೇ ಹೆಸರಿಟ್ಟು ಕರೆದಿದ್ದರು. ನಾವು ಮೊಬೈಲು ಹಿಡಿದು ಅದಕ್ಕೆ ಹೆದರುತ್ತಿದ್ದೆವು. ಫ್ರಾನ್ಸಿಸ್ ಅವರೂ 2022ರಲ್ಲಿಯೇ ತಮ್ಮ ಉಯಿಲಿನಲ್ಲಿ ನೆಲದೊಳಗಿನ ಸರಳ ಸಮಾಧಿಯನ್ನು, ಅದರ ಮೇಲೆ ಹೆಸರೊಂದನ್ನು ಮಾತ್ರ ಕೇಳಿದ್ದರು. 2025ರ ಏಪ್ರಿಲ್ 21ರಂದು ಅವರು ತೀರಿದಾಗ ಆ ಮಾತನ್ನು ನಡೆಸಿದರು.

ಹಾಗಾದರೆ ಸತ್ಯವನ್ನು ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಒದರಬೇಕೇ ಎಂದು ನೀವು ಕೇಳಬಹುದು. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು, ನೂರಹನ್ನೊಂದರ ವಯಸ್ಸಿನಲ್ಲಿ, ಮಧ್ಯಾಹ್ನಕ್ಕೆ ಮುನ್ನ ಲಿಂಗೈಕ್ಯರಾದರು. ಮಠದ ಮಕ್ಕಳ ಊಟವಾಗುವ ತನಕ ತಮ್ಮ ಸಾವಿನ ಸುದ್ದಿ ಹೊರಬೀಳಬಾರದೆಂದು ಅವರು ಮೊದಲೇ ಹೇಳಿದ್ದರೆಂದು ಅಂದಿನ ವರದಿಗಳು ತಿಳಿಸಿದವು. ಮಕ್ಕಳು ಉಂಡ ಮೇಲೆಯೇ ನಾಡಿಗೆ ಸುದ್ದಿ ತಿಳಿಯಿತು. ಇದನ್ನು ಸುಳ್ಳೆನ್ನಲು ನನಗೆ ಮನಸ್ಸು ಬಾರದು. ಅಲ್ಲಿ ತಡವಾದದ್ದು ಕೆಲವು ತಾಸು, ಅದೂ ಹಸಿದ ಮಕ್ಕಳಿಗಾಗಿ. ನಾನು ಅಪ್ಪನ ಮುಂದೆ ಮುಚ್ಚಿಟ್ಟದ್ದು ಯಾರಿಗಾಗಿ? ಅವರ ಕಣ್ಣೀರನ್ನು ನೋಡಲಾರದ ನನಗಾಗಿ. ಸತ್ಯವನ್ನು ತಡೆಹಿಡಿಯುವಾಗ ಅದು ಯಾರ ಅನುಕೂಲಕ್ಕೆ ಎಂದು ಕೇಳಿಕೊಳ್ಳಬೇಕು. ಉತ್ತರ ‘ನನ್ನದು’ ಎಂದು ಬಂದರೆ ಅದಕ್ಕೆ ಕರುಣೆಯೆಂಬ ಹೆಸರು ಕೊಡಬಾರದು.

ಆಶೆ ಸಾಯುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಫ್ರಾನ್ಸಿಸ್ ಅವರ ಸ್ಥಿತಿ ಗಂಭೀರವೆಂದು ಕೇಳಿಯೂ ಜನ ಆಶೆಯಿಂದಲೇ ಜಪಿಸಿದರು. ಮಾರ್ಚ್ 23ರಂದು ಅವರು ಆಸ್ಪತ್ರೆಯಿಂದ ಮರಳಿದ್ದೂ ಉಂಟು. ಗಂಭೀರವೆಂದು ಹೇಳಿದ ಮಾತ್ರಕ್ಕೆ ಯಾರೂ ದೇವರ ಬಾಗಿಲು ಮುಚ್ಚಿದಂತಾಗಲಿಲ್ಲ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನಿಮಗೆ ಕೊನೆಗೆ ಒಂದು ಪದ. ಹರಕೆ ಎಂಬುದು ಹಳಗನ್ನಡದ ‘ಪರಕೆ’. ‘ಪರಸು’ ಎಂಬ ಧಾತುವಿನಿಂದ ಬಂದದ್ದು, ಎಂದರೆ ಹರಸುವುದು. ಇಂದು ನಾವದನ್ನು ದೇವರೊಡನೆ ಮಾಡಿಕೊಳ್ಳುವ ಕರಾರಿನಂತೆ ಬಳಸುತ್ತೇವೆ: ಇದಾದರೆ ಅದನ್ನು ಕೊಡುವೆ ಎಂದು. ಪದದ ಹಳೆಯ ಅರ್ಥದಲ್ಲಿ ಕರಾರಿಲ್ಲ. ಹೋಗುವವರನ್ನೂ ಹರಸಬಹುದು.

ಅಪ್ಪ ತೀರಿದ ವರ್ಷವೇ ಅವ್ವ ಗುಡ್ಡಾಪುರಕ್ಕೆ ಬರಿಗಾಲಲ್ಲಿ ಹೊರಟಳು. “ಹರಕೆ ಫಲಿಸಲಿಲ್ಲಲ್ಲ, ಯಾಕ ಹೋಗತಿ?” ಎಂದೆ. “ಆವಾಗ ಬೇಡೂದು ಉಳದೈತಿ, ಈಗ ಬೇಡಿ ಬರತೀನಿ” ಎಂದಳು. ನಾನೂ ಚಪ್ಪಲಿ ಬಿಟ್ಟು ಹಿಂದೆ ನಡೆದೆ. ದಾರಿಯುದ್ದಕ್ಕೂ ಆಕೆ ಕೇಳಿದ್ದಕ್ಕೆಲ್ಲ, ಡಾಕ್ಟರು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ.