ನನ್ನ ಲೆಕ್ಕ ನನಗೆ ಕೊಡಿ

ನಮ್ಮ ಅತ್ತೆಯವರ ಮಳೆ ಪುಸ್ತಕ ಇವತ್ತಿಗೂ ಗೋಡೆ ಬೀರುವಿನಲ್ಲಿದೆ. ರಟ್ಟು ಕಿತ್ತುಹೋದ ಒಂದು ನೋಟುಬುಕ್ಕು. ಯಾವ ದಿನ ಹೂಮಳೆ ಬಂತು, ಎಷ್ಟು ಇಂಚು, ಎಷ್ಟು ಸೆಂಟು, ಯಾವ ವರ್ಷ ಬ್ಯಾಕಿಂಗ್ ಮಳೆ ಕೈಕೊಟ್ಟಿತು, ಎಲ್ಲವೂ ಅದರಲ್ಲಿದೆ. ಅತ್ತೆ ಹೋಗಿ ಆರು ವರ್ಷವಾಯಿತು. ಆ ಪುಸ್ತಕ ತೆರೆಯಲು ನಾನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಅಕ್ಷರ ಬಂದರೆ ಸಾಕು.

ನಾನು ಅವರಷ್ಟು ಜಾಣೆಯಾಗಲಿಲ್ಲ. ಕಳಸದ ಕಡೆ ನಮಗಿರುವುದು ಸಣ್ಣ ತೋಟ. ಅದರ ಲೆಕ್ಕವನ್ನೆಲ್ಲ ಎರಡು ವರ್ಷ ಮೊಬೈಲಿನೊಳಗಿನ ಎಐ ಸಹಾಯಕನಿಗೆ ಹೇಳಿದೆ. ದೋಸೆ ಹುಯ್ಯುತ್ತಲೇ "ಇವತ್ತು ಒಂಬತ್ತು ಆಳು, ಇಬ್ಬರಿಗೆ ಐನೂರು ಮುಂಗಡ" ಎಂದರೆ ಬರೆದುಕೊಳ್ಳುತ್ತಿತ್ತು. ಬರಬರುತ್ತಾ "ಹಳ್ಳದ ಬದಿ" ಎಂದರೆ ತೋಟದ ಯಾವ ತುಂಡು ಎಂಬುದೂ ಅದಕ್ಕೆ ತಿಳಿಯಿತು. ಸುಳ್ಳೇಕೆ ಹೇಳಲಿ, ಮನೆಯಲ್ಲಿ ನನ್ನ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳಿದವರು ಬೇರೆ ಯಾರೂ ಇರಲಿಲ್ಲ.

ಆಮೇಲೆ ಅದು ಕೂಡುವ ಲೆಕ್ಕದಲ್ಲೇ ತಪ್ಪತೊಡಗಿತು. ಬೆಂಗಳೂರಿನ ಮಗಳು, "ಅದನ್ನು ಬಿಟ್ಟು ಬೇರೆಯದಕ್ಕೆ ಹೋಗಮ್ಮ, ಒಂದು ನಿಮಿಷದ ಕೆಲಸ" ಎಂದಳು. ಹೋದೆ. "ಹಳ್ಳದ ಬದಿಗೆ ಸುಣ್ಣ ಹಾಕಿದ್ದು ಯಾವಾಗ?" ಎಂದು ಕೇಳಿದರೆ ಹೊಸದು "ಯಾವ ಹಳ್ಳ ಎಂದು ದಯವಿಟ್ಟು ತಿಳಿಸಿ" ಎಂದಿತು! ಹಳೆಯದರಿಂದ ನನ್ನ ಮಾತುಗಳನ್ನೆಲ್ಲ ತರಿಸಿಕೊಂಡೆ. ಬಂದ ಕಡತದಲ್ಲಿ ಕನ್ನಡವೇ ಇಲ್ಲ. ಒಂದೊಂದು ಅಕ್ಷರದ ಜಾಗದಲ್ಲೂ ಒಂದು ಓರೆಗೆರೆ, ಒಂದು ಇಂಗ್ಲಿಷಿನ ಯು, ಅದರ ಹಿಂದೆ ನಾಲ್ಕು ಸಂಕೇತ. ಕಂಪ್ಯೂಟರಿಗೆ ಅದೇ ಕನ್ನಡವಂತೆ. ಮಗಳು ಒಂದು ಭಾನುವಾರವಿಡೀ ಕೂತು ಬಿಡಿಸಿಕೊಟ್ಟಳು. ಅಂಥ ಮಗಳಿಲ್ಲದವರು ಏನು ಮಾಡಬೇಕು?

"ಹಿಡಿಸದಿದ್ದರೆ ಹೋಗಿ, ಯಾರೂ ಕಟ್ಟಿಹಾಕಿಲ್ಲ" ಎಂದು ತಿಳಿದವರು ಹೇಳುತ್ತಾರೆ. ತಂದ ಪಾತ್ರೆ ಪಡಗವನ್ನೆಲ್ಲ ಇಲ್ಲೇ ಬಿಟ್ಟು ಉಟ್ಟ ಸೀರೆಯಲ್ಲಿ ಹೊರಡು ಎನ್ನುವ ಮನೆಯ ಸ್ವಾತಂತ್ರ್ಯ ಎಂಥದೆಂದು ಹೆಂಗಸರಿಗೆ ಹೇಳಿಕೊಡಬೇಕೆ?

ನಮ್ಮ ಗುಡ್ಡಗಳಿಗೂ ಇದು ಗೊತ್ತಿರುವ ಸಂಗತಿಯೇ. 1942ರ ಕಾಫಿ ಕಾಯ್ದೆ ಬಂದ ಮೇಲೆ ಮನೆಗೆ, ಬೀಜಕ್ಕೆ ಒಂದಿಷ್ಟು ಇಟ್ಟುಕೊಂಡು ಉಳಿದ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಎಲ್ಲರ ಕಾಫಿಯೂ ಒಂದೇ ರಾಶಿಗೆ. ಹಣ ಪಾಯಿಂಟಿನ ಲೆಕ್ಕದಲ್ಲಿ, ಕಂತು ಕಂತಾಗಿ. ಬೆಲೆ ಬಿದ್ದಾಗ ಪೂಲು ಸಣ್ಣವರನ್ನು ಕಾಪಾಡಿದ್ದೂ ಉಂಟು. ಆದರೂ ನಮ್ಮ ಕಾಫಿ ನಾವೇ ಮಾರುತ್ತೇವೆ ಎಂದು ಬೆಳೆಗಾರರು ಹಟ ಹಿಡಿದರು. 1990ರ ದಶಕದಲ್ಲಿ ಹಿಡಿತ ಹಂತಹಂತವಾಗಿ ಸಡಿಲಾಗಿ 1996ರಲ್ಲಿ ಪೂರ್ತಿ ಬಿಟ್ಟುಹೋಯಿತು. ಈಗ ಮೂಡಿಗೆರೆಯ ದರ ಹಿಡಿಸದಿದ್ದರೆ ಚೀಲವನ್ನು ಚಿಕ್ಕಮಗಳೂರಿಗೆ ಸಾಗಿಸುತ್ತೇವೆ. ಚೀಲವನ್ನೇ ಎತ್ತಲು ಬಿಡದಿದ್ದರೆ ಆ ಬಿಡುಗಡೆಗೆ ಏನರ್ಥ?

ಮೊಬೈಲಿನ ಕಂಪನಿ ಬದಲಿಸಿದರೂ ನಂಬರು ನಮ್ಮದೇ ಉಳಿಯುವ ಸೌಲಭ್ಯ 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂತು. ಹತ್ತಂಕಿಯ ನಂಬರಿಗಿರುವ ಮರ್ಯಾದೆ ಎರಡು ವರ್ಷದ ದುಡಿಮೆಗೆ ಇಲ್ಲವೆ? ಯುರೋಪಿನವರಿಗೆ ತಮ್ಮ ಮಾಹಿತಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಯ್ಯುವ ಹಕ್ಕು 2018ರಿಂದ ಇದೆ. ನಮ್ಮ 2019ರ ಮಸೂದೆಯಲ್ಲೂ ಅದು ಇತ್ತು. 2022ರಲ್ಲಿ ಆ ಮಸೂದೆಯನ್ನು ಹಿಂದಕ್ಕೆ ಪಡೆದರು. 2023ರಲ್ಲಿ ಆದ ಕಾಯ್ದೆಯಲ್ಲಿ ಮಾಹಿತಿಯ ಸಾರಾಂಶ ಕೇಳುವ, ತಿದ್ದಿಸುವ, ಅಳಿಸುವ ಹಕ್ಕನ್ನು ಬರೆದರು; ಒಯ್ಯುವ ಹಕ್ಕನ್ನು ಮಾತ್ರ ಕೈಬಿಟ್ಟರು. ಇದನ್ನು ಯಾರಾದರೂ ಗಟ್ಟಿಯಾಗಿ ಕೇಳಿದ್ದನ್ನು ನಾನಂತೂ ಕಾಣೆ. ಹೆಂಗಸರು ಬರೆದಿಡುವ ಲೆಕ್ಕ ಯಾರಿಗೆ ಲೆಕ್ಕ?

ಕಾಯ್ದೆ ಬರುವ ತನಕ ಸುಮ್ಮನೆ ಕೂರಬೇಡಿ. ಬಿಡುವ ಮೊದಲು ಹಳೆಯದಕ್ಕೇ ಹೇಳಿ: "ನನ್ನ ಬಗ್ಗೆ, ನನ್ನ ಕೆಲಸದ ಬಗ್ಗೆ ನಿನಗೆ ಗೊತ್ತಿರುವುದನ್ನೆಲ್ಲ ತಿಳಿಗನ್ನಡದಲ್ಲಿ ಬರೆದುಕೊಡು." ಅದನ್ನು ಓದಿ, ತಪ್ಪು ತಿದ್ದಿ, ಹೊಸದಕ್ಕೆ ಕೊಡಿ. ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ. ಆಮೇಲೆ ಹಳೆಯದರಲ್ಲಿರುವುದನ್ನು ಅಳಿಸಲು ಮರೆಯಬೇಡಿ. ನಮ್ಮ ಆಳುಗಳ ಹೆಸರು, ಅವರ ಮುಂಗಡ, ಅವರ ಮನೆಯ ಕಾಯಿಲೆ ಎಲ್ಲವನ್ನೂ ನಾನು ಅದಕ್ಕೆ ಹೇಳಿದ್ದೆ. ಅವರನ್ನು ಒಂದು ಮಾತು ಕೇಳದೆಯೇ ಹೇಳಿದ್ದೆ. ಕಂಪನಿಯನ್ನು ಬೈಯುವಾಗ ನನ್ನ ಈ ತಪ್ಪನ್ನು ನುಂಗಿಕೊಂಡರೆ ಚೆನ್ನಲ್ಲ.

ಈಗ ಪ್ರತಿ ಶನಿವಾರ ಬಟವಾಡೆ ಮುಗಿದ ಮೇಲೆ ಅತ್ತೆಯ ಪುಸ್ತಕದ ಪಕ್ಕದಲ್ಲಿರುವ ಹೊಸ ನೋಟುಬುಕ್ಕಿಗೆ ವಾರದ ಲೆಕ್ಕ ಇಳಿಸುತ್ತೇನೆ. ಎಐ ಬೇಡವೆಂದಲ್ಲ, ನಾಳೆ ಬೆಳಿಗ್ಗೆಯೂ ದೋಸೆ ಹುಯ್ಯುತ್ತ ಅದರೊಡನೆ ಮಾತಾಡುತ್ತೇನೆ. ಆದರೆ ಹಳ್ಳದ ಬದಿ ಯಾವುದೆಂದು ಅದಕ್ಕೆ ಕಲಿಸಿದವಳು ನಾನು. ಹೊರಡುವಾಗ ನನ್ನ ಲೆಕ್ಕವನ್ನು, ನಾನು ಓದಬಲ್ಲ ಕನ್ನಡದಲ್ಲಿ, ನನ್ನ ಕೈಗೆ ಕೊಡಬೇಕು.