ಸರ್ಟಿಫಿಕೇಟು ಕೊಟ್ಟಿರಿ, ಆಮೇಲೆ?

ನಮ್ಮ ಪಡಸಾಲೆ ಗೋಡೆಗೆ ಒಂದು ಸರ್ಟಿಫಿಕೇಟು ತೂಗು ಹಾಕಿದ್ದೇವೆ. ನನ್ನ ಸೊಸೆಯದು. ಹತ್ತು ದಿನ ಸ್ವಉದ್ಯೋಗ ತರಬೇತಿ ಪಡೆದದ್ದಕ್ಕೆ ಕೊಟ್ಟದ್ದು. ಕಳೆದ ಮಳೆಗಾಲದಲ್ಲಿ ಪೇಟೆ ಅಂಗಡಿಯಿಂದ ವಾಪಸ್ ಬಂದ 40 ಕೆ.ಜಿ. ಶೇಂಗಾ ಚಿಕ್ಕಿಯನ್ನೂ ಅದೇ ಗೋಡೆ ಕೆಳಗೆ ಪೇರಿಸಿಟ್ಟಿದ್ದೆವು. ಈ ಎರಡರ ನಡುವೆ ಎಲ್ಲೋ ಒಂದು ಕೊಂಡಿ ತಪ್ಪಿದೆ. ಅದರ ಬಗ್ಗೆ ನಾಲ್ಕು ಮಾತು.

ನಾನು ಬಯಲುಸೀಮೆಯ ರೈತ. ಐದು ಎಕರೆ ಹೊಲ, ಬೋರು ಇಲ್ಲ, ಮಳೆ ನಂಬಿದ ಬೇಸಾಯ. ಶೇಂಗಾ, ನಡುವೆ ತೊಗರಿ ಅಕ್ಕಡಿ. ಶೇಂಗಾ ಮಂಡಿಗೆ ಹಾಕಿ ಅವರು ಹೇಳಿದ ರೇಟಿಗೆ ತಲೆಯಾಡಿಸಿ ಬರೋದಕ್ಕಿಂತ ಮನೆಯಲ್ಲೇ ಚಿಕ್ಕಿ ಮಾಡಿ ಮಾರಿದರೆ ನಾಲ್ಕು ಕಾಸು ಉಳಿದೀತು ಅನ್ನಿಸಿತು. ತರಬೇತಿಗೆ ನನಗೆ ವಯಸ್ಸು ಮೀರಿತ್ತು. ಸೊಸೆಯನ್ನ ಕಳಿಸಿದೆ.

ತರಬೇತಿ ಕೆಟ್ಟದಿತ್ತು ಅಂತ ನಾನು ಹೇಳಲಾರೆ. ಊಟ, ವಸತಿ ಪುಕ್ಕಟೆ. ಹೆದರಿಕೆ ಬಿಟ್ಟು ಮಾತಾಡೋದನ್ನ ಕಲಿತು ಬಂದಳು. ಇಂಥ ತರಬೇತಿಯ ಮೂಲ ನಮ್ಮ ನಾಡಿನದೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕು ಕೈಜೋಡಿಸಿ ರುಡ್‌ಸೆಟ್ ಶುರುವಾಯಿತು. ಅದು ನಡೆದದ್ದು ನೋಡಿ ಕೇಂದ್ರ ಸರ್ಕಾರ 2009ರಲ್ಲಿ ಜಿಲ್ಲೆಗೊಂದು ಇಂಥ ಸಂಸ್ಥೆ ಅಂತ ಯೋಜನೆ ಮಾಡಿತು. ಜಾಗ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಕೇಂದ್ರದ ಅನುದಾನ, ನಡೆಸೋದು ಬ್ಯಾಂಕು. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲಬೇಕು ಅನ್ನೋದು ಆ ಯೋಜನೆಯಲ್ಲೇ ಬರೆದಿದೆ.

ಬರೆದದ್ದು ಒಳ್ಳೆಯದೇ. ಆದರೆ ನಮ್ಮ ಪಾಲಿಗೆ ಬಂದದ್ದು ಎರಡು ಫೋನು ಮಾತ್ರ. ಸಾಲ ಸಿಕ್ಕಿತಾ, ಕೆಲಸ ಶುರುವಾಯ್ತಾ ಅಂತ ಕೇಳಿದರು. ಹೌದು ಅಂದೆವು. ಅಲ್ಲಿಗೆ ಲೆಕ್ಕ ಚುಕ್ತ. ಅಲ್ಲಿನ ಮೇಷ್ಟ್ರುಗಳನ್ನ ಬೈಯೋಕೆ ಮನಸ್ಸಾಗಲ್ಲ. ಇರೋರು ಇಬ್ಬರೋ ಮೂವರೋ. ಒಂದು ಬ್ಯಾಚು ಮುಗಿಯೋದರೊಳಗೆ ಇನ್ನೊಂದು ಬ್ಯಾಚು ಬಾಗಿಲಲ್ಲಿ ನಿಂತಿರುತ್ತೆ.

ನಮ್ಮ ಕಷ್ಟ ಶುರುವಾದದ್ದೇ ಆಮೇಲೆ. ಆಹಾರ ನೋಂದಣಿಗೆ ಸರ್ಕಾರದ ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ. ಮಾಡಿಸೋದು ಗೊತ್ತಿಲ್ಲದೆ ಪೇಟೆಯಲ್ಲಿ 1,200 ತೆತ್ತೆವು. ಲೇಬಲ್ಲಿನಲ್ಲಿ ಏನೇನು ಇರಬೇಕು ಅಂತ ತಿಳಿಯದೆ ಎರಡು ಸಲ ಅಚ್ಚು ಹಾಕಿಸಿದೆವು. ಕೊನೆಗೆ ಮಳೆಗಾಲ ಬಂತು. ಚಿಕ್ಕಿ ಕವರಿನೊಳಗೇ ಬೆವರಿ ಮೆತ್ತಗಾಯ್ತು. ಅಂಗಡಿಯವರು ಮುಲಾಜಿಲ್ಲದೆ ವಾಪಸ್ ಕೊಟ್ಟರು. ಕೆ.ಜಿ.ಗೆ 160ರಂತೆ 6,400 ರೂಪಾಯಿ ಮಾಲು. ಮಿಷನ್ನಿಗೆ ಮಾಡಿದ 1.5 ಲಕ್ಷದ ಸಾಲದ ಕಂತು ಮಾತ್ರ ಮಳೆ ನೋಡಿ ನಿಲ್ಲಲಿಲ್ಲ. "ಮಾವ, ನಿಲ್ಲಿಸಿಬಿಡೋಣ" ಅಂದಳು ಸೊಸೆ. ನನಗೆ ಉತ್ತರ ಇರಲಿಲ್ಲ.

ನನ್ನ ಅಣ್ಣನ ಮಗಳು ಕಾಲೇಜಿನಲ್ಲಿ ಓದ್ತಾಳೆ. ಅವಳು ಅಲ್ಲಿನ ಒಬ್ಬ ಮೇಡಂ ಹತ್ತಿರ ಕರ್ಕೊಂಡು ಹೋದಳು. ಅವರು ಕವರು ಮುಟ್ಟಿ ನೋಡಿ ಎರಡೇ ಮಾತು ಹೇಳಿದರು. ಒಂದು, ಚಿಕ್ಕಿ ಪೂರಾ ಆರಿದ ಮೇಲೇ ಸೀಲ್ ಮಾಡಿ. ಎರಡು, ಈ ತೆಳ್ಳನೆ ಕವರು ಬಿಟ್ಟು ತೇವ ತಡೆಯೋ ದಪ್ಪ ಕವರು ಹಾಕಿ. ಹತ್ತು ನಿಮಿಷದ ಮಾತು. ಅದು ಮೊದಲೇ ಸಿಕ್ಕಿದ್ದರೆ 6,400 ಉಳೀತಿತ್ತು. ಈಗ ವ್ಯಾಪಾರ ಮತ್ತೆ ಸಣ್ಣಗೆ ನಡೀತಿದೆ.

ಆ ಮೇಡಂ ಇನ್ನೊಂದು ವಿಷಯ ಹೇಳಿದರು. ಅಮೆರಿಕದಲ್ಲಿ 1980ರಲ್ಲಿ ಕಾನೂನೇ ಮಾಡಿ ಸಣ್ಣ ಉದ್ಯಮದವರಿಗೆ ಸಲಹಾ ಕೇಂದ್ರ ನಡೆಸ್ತಾ ಬಂದಿದ್ದಾರಂತೆ. ಬಹಳಷ್ಟು ಇರೋದು ಕಾಲೇಜುಗಳ ಒಳಗೇ. ಕೇಂದ್ರ ಸರ್ಕಾರ ಒಂದು ರೂಪಾಯಿ ಹಾಕಿದರೆ ಸ್ಥಳೀಯರೂ ಅಷ್ಟೇ ಹೊಂದಿಸಬೇಕು. ಸಲಹೆಗೆ ಕಾಸಿಲ್ಲ. ಅವರು ಮಾಡಿದ್ದೆಲ್ಲ ನಮಗೆ ಹೊಂದಬೇಕಿಲ್ಲ. ಆದರೆ ಇದೊಂದು ಹೊಂದುತ್ತೆ ಅಂತ ನನಗೆ ಕಾಣುತ್ತೆ.

ನಮ್ಮಲ್ಲಿ ಹಣ ಇಲ್ಲ ಅನ್ನೋ ಹಾಗಿಲ್ಲ. 2020ರ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಹಾಯಧನ ನೂರಕ್ಕೆ 35, ಗರಿಷ್ಠ 10 ಲಕ್ಷ. ರೈತನಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿಗೂ ಒಂದು ಸಾಲಕ್ಕೆ 20,000 ರೂಪಾಯಿ ಇಟ್ಟರು. ಅರ್ಧ ಸಾಲ ಮಂಜೂರಾದ ಮೇಲೆ, ಉಳಿದರ್ಧ ಘಟಕ ಶುರುವಾದ ಮೇಲೆ. ಲೆಕ್ಕ ನೋಡಿ. ಶುರು ಮಾಡಿಸೋಕೆ ಸಂಬಳ ಇದೆ, ಉಳಿಸೋಕೆ ಇಲ್ಲ. ಬಿತ್ತನೆಗೆ ಕೂಲಿ ಕೊಟ್ಟು ಕಳೆ ತೆಗೆಯೋಕೆ ಕೊಡದಿದ್ದರೆ ಹೊಲ ಏನಾದೀತು?

ನನ್ನ ಸಲಹೆ ಇಷ್ಟೇ. ತಾಲ್ಲೂಕಿನ ಸರ್ಕಾರಿ ಕಾಲೇಜು ಅಥವಾ ಪಾಲಿಟೆಕ್ನಿಕ್ಕಿನಲ್ಲಿ ಒಂದು ಕೋಣೆ ಕೊಡಿ. ಲೆಕ್ಕ, ಕಾಗದಪತ್ರ ಬಲ್ಲವರೊಬ್ಬರು, ಮಾಲು ಬಲ್ಲವರೊಬ್ಬರು ಇರಲಿ. ಸಂತೆ ದಿನ ತಪ್ಪದೆ ಬಾಗಿಲು ತೆಗೆದಿರಲಿ. ಅವರ ಸಂಬಳ ಸರ್ಕಾರ ಕೊಡಲಿ. ಎಷ್ಟು ಜನಕ್ಕೆ ತರಬೇತಿ ಆಯ್ತು ಅನ್ನೋ ಲೆಕ್ಕ ಸಾಕು, ಮೂರನೇ ವರ್ಷಕ್ಕೂ ಒಲೆ ಉರಿಯೋದು ಎಷ್ಟು ಮನೇಲಿ ಅಂತ ಕೇಳಲಿ.

ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆಯಲ್ಲ ಅಂತ ಕೆಲವರು ಕೇಳಬಹುದು. ಬೀಜ, ಔಷಧಿ ಹಂಚೋದೇ ಅವರಿಗೆ ಹೊರೆಯಾಗಿದೆ. ಎಲ್ಲಕ್ಕೂ ಸರ್ಕಾರವೇ ಬೇಕಾ ಅಂತಲೂ ಕೇಳಬಹುದು. ಖರ್ಚು ಆಗಲೇ ಆಗಿದೆಯಲ್ಲ ಸ್ವಾಮಿ! ಸಹಾಯಧನದ ಮಿಷನ್ನು ಮೂಲೇಲಿ ತುಕ್ಕು ಹಿಡಿದರೆ ಅದು ಎಲ್ಲರ ದುಡ್ಡೇ.

ತರಬೇತಿ ಪಡೆದು ಕೆಲಸ ನಿಲ್ಲಿಸಿದವರು ನಿಮ್ಮ ಊರಲ್ಲೂ ಇರಬಹುದು. ಯಾವ ಸಣ್ಣ ಮಾತು ಹೊತ್ತಿಗೆ ಸಿಗದೆ ನಿಂತಿತು ಅಂತ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ನಾಲ್ಕು ಕಡೆಯಿಂದ ಬಂದರೆ ಕೇಳೋಕೆ ನಮಗೂ ಬಾಯಿ ಬರುತ್ತೆ.